ಮೆಷಿನ್ ಬರೋದರೊಳಗೆ: ಕೋಲಾರದ ಮನೆಯಲ್ಲಿ ಎಸ್ಪ್ರೆಸೊಗೆ ತಯಾರಿ

ನನ್ನ ಇಬ್ಬರು ಗೆಳೆಯರಿಗೆ ಈಗ ನಿದ್ದೆ ಇಲ್ಲ. ಒಬ್ಬ ಕೋಲಾರ ಟೌನಿನವನು, ಇನ್ನೊಬ್ಬ ಮಾಲೂರಿನವನು. ಇಬ್ಬರೂ ಇಟಲಿಯ ಡ್ಯುಯಲ್ ಬಾಯ್ಲರ್ ಎಸ್ಪ್ರೆಸೊ ಮೆಷಿನ್‌ಗೆ ಅಡ್ವಾನ್ಸ್ ಕಟ್ಟಿ ಕೂತಿದ್ದಾರೆ. ನುಣ್ಣನೆ ಪುಡಿಯೊಳಗೆ ಬಿಸಿನೀರನ್ನು ಒತ್ತಡದಿಂದ ನುಗ್ಗಿಸಿ ಗಟ್ಟಿ ಕಾಫಿ ಇಳಿಸುವ ಮೆಷಿನ್ ಅದು, ಕಾಫಿಗೊಂದು, ಹಾಲು ಕಾಯಿಸುವ ಆವಿಗೊಂದು ಅಂತ ಎರಡು ಬಾಯ್ಲರ್. ಆ ದುಡ್ಡಿಗೆ ಒಂದು ಹಳೇ ಕಾರು ಬರುತ್ತಿತ್ತು, ಅದು ಬೇರೆ ಮಾತು. ದಿನಾ ಸಂಜೆ ಫೋನ್ ಮಾಡುತ್ತಾರೆ. ಕಪ್ ಯಾವುದು ತಗೊಳ್ಳಲಿ, ಪುಡಿ ಒತ್ತುವ ಟ್ಯಾಂಪರ್‌ನ ಹಿಡಿ ಮರದ್ದೇ ಇರಲಾ, ಹಾಲಿನ ಮೇಲೆ ಹೃದಯ ಬಿಡಿಸೋಕೆ ಎಷ್ಟು ದಿನ ಬೇಕು. ನೀರಿನ ಬಗ್ಗೆ ಒಬ್ಬನೂ ಕೇಳಲಿಲ್ಲ. ಕರೆಂಟಿನ ಬಗ್ಗೆಯೂ ಇಲ್ಲ.

ಹೋದ ವರ್ಷ ನಾನೂ ಹೀಗೇ ನಾಲ್ಕು ತಿಂಗಳು ಕಾದೆ. ಅದರಲ್ಲಿ ಎರಡು ತಿಂಗಳು ಸುಮ್ನೆ ವಿಡಿಯೊ ನೋಡಿ ಕಳೆದೆ, ಕೊನೆಗೆ ಡಬ್ಬ ಬಂದ ದಿನ ಅದನ್ನು ಚುಚ್ಚೋಕೆ ಸರಿಯಾದ ಪ್ಲಗ್ ಪಾಯಿಂಟೇ ಅಡುಗೆಮನೆಯಲ್ಲಿ ಇರಲಿಲ್ಲ. ಒಂಬತ್ತು ದಿನ ಮೆಷಿನ್ ಹಾಲ್‌ನಲ್ಲಿ ಥರ್ಮೊಕೋಲ್ ಒಳಗೇ ಮಲಗಿತ್ತು. ಹಾಗಾಗಿ ಕಾಯುವವರು ಏನೇನು ಮಾಡಿಕೊಳ್ಳಬೇಕು ಅಂತ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ನೀರು

ನಮ್ಮ ಜಿಲ್ಲೆಯಲ್ಲಿ ಎಸ್ಪ್ರೆಸೊ ಮೆಷಿನ್‌ನ ಮೊದಲ ಶತ್ರು ಬೋರ್ ನೀರು. ಇದನ್ನು ಓದಿ ಕಲಿತಿದ್ದಲ್ಲ. ನನ್ನ ಮೊದಲ ಮೆಷಿನ್ ಚಿಕ್ಕದು, ಒಂದೇ ಬಾಯ್ಲರ್. ಅದಕ್ಕೆ ಮನೆ ನಲ್ಲಿ ನೀರನ್ನೇ ಹಾಕುತ್ತಿದ್ದೆ. ಹದಿನಾಲ್ಕನೇ ತಿಂಗಳಿಗೆ ಸ್ಟೀಮ್ ಬರೋದು ನಿಂತಿತು, ಆಮೇಲೆ ಬಿಸಿನೀರೂ ನಿಂತಿತು. ಬಿಚ್ಚಿ ನೋಡಿದೆ. ಗೀಸರ್ ಕಾಯಿಲ್ ಬದಲಾಯಿಸುವಾಗ ನೋಡಿರುತ್ತೀರಲ್ಲ, ಗಾರೆ ಮೆತ್ತಿದ ಹಾಗೆ ಬಿಳಿ ಸುಣ್ಣ, ಅದೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಮೊಟ್ಟೆ ಚಿಪ್ಪಿನ ಥರ ಒಂದು ಹಕ್ಕಳೆ ಎದ್ದು ಬಂತು. ಅದರ ಹಿಂದೆ ಪೈಪಿನ ತೂತು ಇತ್ತು, ಬೆಂಕಿಕಡ್ಡಿ ಕೂಡ ಹೋಗದಷ್ಟು ಕಟ್ಟಿಕೊಂಡಿತ್ತು. ತಪ್ಪು ಮೆಷಿನ್‌ದಲ್ಲ, ನನ್ನದು.

ಸಾವಿರ ಅಡಿ ದಾಟಿದ ಬೋರ್‌ಗಳಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕೆಲವು ಕಡೆ ಫ್ಲೋರೈಡ್ ಬೇರೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬರುತ್ತಿದೆ, ಬೋರ್‌ನಲ್ಲಿ ನೀರು ಮೇಲೆ ಬಂತು ಅಂತ ಖುಷಿಪಡೋಣ. ಆದರೆ ನೀರು ಮೇಲೆ ಬಂದ ಮಾತ್ರಕ್ಕೆ ಗಡಸು ಹೋಗುವುದಿಲ್ಲ. ಕಾಯಿಸಿದಾಗ ಈ ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತದೆ. ಸ್ಟೀಮ್ ಬಾಯ್ಲರ್‌ನಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಉಳಿದು ಉಳಿದು ಗಟ್ಟಿಯಾಗುತ್ತದೆ.

ಮೊದಲು ನಿಮ್ಮ ನೀರು ಯಾವ ಥರದ್ದು ಅಂತ ತಿಳಿದುಕೊಳ್ಳಿ. ಟಿಡಿಎಸ್ ಮೀಟರ್ ಒಂದು ತಗೊಳ್ಳಿ, ನೂರಾರು ರೂಪಾಯಿಯ ಸಾಮಾನು ಅಷ್ಟೇ. ಆದರೆ ಅದನ್ನೇ ನಂಬಿ ಕೂರಬೇಡಿ. ಟಿಡಿಎಸ್ ಅಂದರೆ ಕರಗಿದ್ದೆಲ್ಲದರ ಒಟ್ಟು ಅಂದಾಜು, ಅದರಲ್ಲಿ ಸುಣ್ಣ ಕಟ್ಟುವುದು ಎಷ್ಟು ಅಂತ ಅದು ಹೇಳುವುದಿಲ್ಲ. ಅದಕ್ಕೆ ಮೀನು ಸಾಕುವವರ ಅಂಗಡಿಗೆ ಹೋಗಿ. ಅಕ್ವೇರಿಯಂ ನೀರು ನೋಡುವ ಜಿಎಚ್ (ಒಟ್ಟು ಗಡಸುತನ), ಕೆಎಚ್ (ಬೈಕಾರ್ಬೊನೇಟ್ ಪ್ರಮಾಣ) ಡ್ರಾಪ್ಸ್ ಸಿಗುತ್ತವೆ. 5 ಎಂಎಲ್ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಬಣ್ಣ ಬದಲಾಗುವವರೆಗೆ ಎಣಿಸಿ. ಸಾಮಾನ್ಯವಾಗಿ ಒಂದು ಹನಿ ಅಂದರೆ ಸುಮಾರು 18 ಪಿಪಿಎಂ, ಅಂದರೆ ಲೀಟರಿಗೆ 18 ಮಿಲಿಗ್ರಾಂ. ನಮ್ಮ ಮನೆ ನಲ್ಲಿ ನೀರಿಗೆ ಜಿಎಚ್ ಇಪ್ಪತ್ತಾರು ಹನಿ ಹಾಕಿದ ಮೇಲೆ ಬಣ್ಣ ತಿರುಗಿತು. ಅಮ್ಮ ಪಕ್ಕದಲ್ಲೇ ನಿಂತಿದ್ದರು. "ಇದನ್ನ ತಿಳ್ಕೊಳ್ಳೋಕೆ ಔಷಧಿ ಬೇಕೇನೋ? ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ" ಅಂದರು. ಅದೂ ಸರಿಯೇ.

ಕುಡಿಯಲು ಸರಿ ಅನ್ನಿಸಿಕೊಂಡ ನೀರು ಮೆಷಿನ್‌ಗೂ ಸರಿ ಅಂದುಕೊಳ್ಳಬೇಡಿ. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಲೆಕ್ಕದಲ್ಲಿ ಕುಡಿಯುವ ನೀರಿನ ಟಿಡಿಎಸ್ 500ರ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ಬಿಡುತ್ತಾರೆ. ಗಡಸುತನ 200, ಗತಿಯಿಲ್ಲದಿದ್ದರೆ 600. ಸ್ಪೆಷಾಲ್ಟಿ ಕಾಫಿ ಅಸೋಸಿಯೇಶನ್‌ನವರು ಕಾಫಿಗೆ ಹೇಳುತ್ತಾ ಬಂದ ಗುರಿ ಟಿಡಿಎಸ್ 150ರ ಆಸುಪಾಸು. ಎಲ್ಲಿಂದೆಲ್ಲಿಗೆ ನೋಡಿ.

ಹಾಗಾದರೆ ಆರ್‌ಒ ನೀರು ಹಾಕಿದರಾಯಿತು ಅನ್ನುತ್ತೀರಿ. ಅರ್ಧ ಸರಿ. ಆರ್‌ಒ ಕ್ಯಾಲ್ಸಿಯಂ ತೆಗೆಯುತ್ತದೆ, ಫ್ಲೋರೈಡನ್ನೂ ಬಹುಪಾಲು ತೆಗೆಯುತ್ತದೆ. ಆದರೆ ಮನೆಯ ಪ್ಯೂರಿಫೈಯರ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತದೆ. ರುಚಿ ಬರಲಿ ಅಂತ ಅದು ಆರ್‌ಒ ಮಾಡದ ನೀರನ್ನೇ ಸ್ವಲ್ಪ ವಾಪಸ್ ಬೆರೆಸುತ್ತದೆ. ಅಂದರೆ ಅದೇ ಸುಣ್ಣ ಹಿಂಬಾಗಿಲಿಂದ ಒಳಗೆ ಬಂದ ಹಾಗಾಯಿತು. ಸರ್ವಿಸ್ ಹುಡುಗ ಬಂದಾಗ ಅದನ್ನು ಪೂರ್ತಿ ಮುಚ್ಚಿಸಿ, ಇಲ್ಲದಿದ್ದರೆ ಮೆಂಬ್ರೇನ್‌ನಿಂದ ನೇರ ಬರುವ ನೀರಿನ ಪೈಪಿಗೆ ಒಂದು ಕವಲು ಹಾಕಿಸಿಕೊಳ್ಳಿ. ಐದು ರೂಪಾಯಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಹಿಡಿದು ತರುತ್ತೀರಲ್ಲ, ಆ ಘಟಕದ ನೀರನ್ನೂ ಪ್ರತಿ ಸಲ ಮೀಟರ್ ಅದ್ದಿ ನೋಡಿಯೇ ಬಳಸಿ. ನಮ್ಮ ಬೀದಿಯದರಲ್ಲಿ ಒಂದು ವಾರ 40 ತೋರಿಸಿದ್ದು ಮುಂದಿನ ವಾರ 160 ತೋರಿಸಿತು.

ಇನ್ನರ್ಧ ತೊಂದರೆ ಇದರ ಉಲ್ಟಾ. ತೀರಾ ಖಾಲಿ ನೀರು ಹಾಕಿದರೆ ಕಾಫಿ ಸಪ್ಪೆ ಮತ್ತು ಹುಳಿ. ಅಷ್ಟೇ ಅಲ್ಲ, ಬಾಯ್ಲರ್ ತುಂಬಿದೆಯೋ ಇಲ್ಲವೋ ಅಂತ ಬಹಳಷ್ಟು ಮೆಷಿನ್‌ಗಳು ನೀರಿನ ಮೂಲಕ ಸಣ್ಣ ಕರೆಂಟ್ ಹರಿಸಿ ನೋಡುತ್ತವೆ. ಉಪ್ಪೇ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯುವುದು ಕಷ್ಟ, ಆಗ ಮೆಷಿನ್ ಬಾಯ್ಲರ್ ಖಾಲಿ ಅಂದುಕೊಂಡು ತುಂಬಿಸುತ್ತಲೇ ಇರುತ್ತದೆ. ಲೋಹವನ್ನೂ ಅಂಥ ನೀರು ನಿಧಾನವಾಗಿ ತಿನ್ನುತ್ತದೆ.

ನಾನು ಮಾಡುವುದು ಹೀಗೆ. ಫುಡ್ ಗ್ರೇಡ್ ಪೊಟ್ಯಾಸಿಯಂ ಬೈಕಾರ್ಬೊನೇಟ್ 10 ಗ್ರಾಂ ತೂಗಿ ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟುಕೊಳ್ಳುತ್ತೇನೆ. ಇದು ಗಟ್ಟಿ ದ್ರಾವಣ, ಮೇಲೆ ದೊಡ್ಡದಾಗಿ ಹೆಸರು ಬರೆದು ಅಂಟಿಸಿ, ಯಾರಾದರೂ ಕುಡಿದಾರು. ಇದರಲ್ಲಿ 10 ಎಂಎಲ್ ತೆಗೆದು ಒಂದು ಲೀಟರ್ ಆರ್‌ಒ ನೀರಿಗೆ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂ ಆಯಿತು. ಇದರಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಸುಣ್ಣ ಕಟ್ಟುವ ಮಾತೇ ಇಲ್ಲ, ಬೈಕಾರ್ಬೊನೇಟ್ ಇರುವುದರಿಂದ ಲೋಹಕ್ಕೂ ರಕ್ಷಣೆ, ಲೆವೆಲ್ ನೋಡುವ ಕಡ್ಡಿಗೂ ನೀರು ಕಾಣುತ್ತದೆ. ಪೊಟ್ಯಾಸಿಯಂ ಸಿಗದಿದ್ದರೆ ಅಡುಗೆ ಸೋಡಾ 8.4 ಗ್ರಾಂ ಹಾಕಿ, ಲೆಕ್ಕ ಒಂದೇ. ಇದಕ್ಕೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು, ಅದು ಆಮೇಲೆ ಕಾಫಿ ತೂಗೋಕೂ ಆಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ ಬೇಡ, ಅದು ಕುಡಿಯಲು ಮಾಡಿದ್ದಲ್ಲ.

ಸುಣ್ಣ ಕಟ್ಟಿದರೆ ನಿಂಬೆ ಉಪ್ಪು ಹಾಕಿ ತೊಳೆದರಾಯಿತು ಅನ್ನುವವರಿದ್ದಾರೆ. ಚಿಕ್ಕ ಮೆಷಿನ್‌ಗೆ ನಡೆಯುತ್ತದೆ. ಡ್ಯುಯಲ್ ಬಾಯ್ಲರ್‌ನಲ್ಲಿ ಸಡಿಲವಾದ ಸುಣ್ಣದ ಚೂರು ಹೋಗಿ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡರೆ ಪೂರ್ತಿ ಬಿಚ್ಚಬೇಕು. ಬಿಚ್ಚುವವರು ಬೆಂಗಳೂರಿನಲ್ಲಿದ್ದಾರೆ, ಮೆಷಿನ್ ಮೂವತ್ತು ಕೆಜಿ ಹತ್ತಿರ. ಯೋಚನೆ ಮಾಡಿ.

ಕರೆಂಟು

ಎರಡು ಬಾಯ್ಲರ್ ಒಟ್ಟಿಗೆ ಕಾಯುವ ಕೆಲವು ಮೆಷಿನ್ 3000 ವಾಟ್‌ವರೆಗೆ ಎಳೆಯುತ್ತವೆ. 230 ವೋಲ್ಟ್‌ನಲ್ಲಿ ಅದು 13 ಆಂಪ್. ಮಿಕ್ಸಿ ಹಾಕುವ ಚಿಕ್ಕ ಪಾಯಿಂಟ್ 6 ಆಂಪ್‌ನದು, ಅದಕ್ಕೆ ಅಡಾಪ್ಟರ್ ಸಿಕ್ಕಿಸಿ ಓಡಿಸಲು ಹೋದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಖಂಡಿತ. ದಪ್ಪ ಪಿನ್ನಿನ ಪವರ್ ಪ್ಲಗ್ ಬೇಕು, ಅದೂ ಬೋರ್ಡಿಂದ ನೇರ ಎಳೆದ ಬೇರೆ ಲೈನು. ನಾನು 4 ಸ್ಕ್ವೇರ್ ಎಂಎಂ ವೈರ್, 20 ಆಂಪ್ ಎಂಸಿಬಿ ಹಾಕಿಸಿದೆ.

ಎಲೆಕ್ಟ್ರಿಷಿಯನ್ ಅಣ್ಣ ಬಂದು ಗೋಡೆ ಕೊರೆಯುತ್ತಾ ಕೇಳಿದರು, "ಸಾರ್, ಗೀಸರ್ ಥರಾನೇ ಅಲ್ವಾ ಇದು?"

"ಹೂಂ ಅಣ್ಣ, ಗೀಸರ್ ಥರಾನೇ. ಒಳಗೊಂದು ಕಂಪ್ಯೂಟರ್ ಇದೆ ಅಷ್ಟೇ."

"ಕಾಫಿಗಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರೇ ಒಂದು ಒಳ್ಳೆಯ ಕೆಲಸ ಮಾಡಿದರು. ಮೀಟರ್ ತೆಗೆದು ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಇಟ್ಟು ನೋಡಿದರು, 11 ವೋಲ್ಟ್ ತೋರಿಸಿತು. ಒಂದೆರಡು ವೋಲ್ಟ್ ಇದ್ದರೆ ಸರಿ, ಇಷ್ಟಿದ್ದರೆ ಅರ್ಥಿಂಗ್ ಸರಿ ಇಲ್ಲ ಅಂತ ಅನುಮಾನ ಪಡಬೇಕು ಅಂದರು. ನಮ್ಮ ಒಣ ನೆಲದಲ್ಲಿ ಬೇಸಿಗೆ ಬಂದರೆ ಅರ್ಥ್ ಗುಂಡಿ ಒಣಗಿ ಹೋಗುತ್ತದೆ. ಗುಂಡಿ ಬಾಯಿ ತೆಗೆದು ಉಪ್ಪು, ಇದ್ದಿಲು ಹಾಕಿ ನಾಲ್ಕು ಬಿಂದಿಗೆ ನೀರು ಸುರಿದ ಮೇಲೆ ಇಳಿಯಿತು. ಈಗ ಮಾರ್ಚ್‌ನಿಂದ ವಾರಕ್ಕೊಂದು ಬಿಂದಿಗೆ ನೀರು ಅದಕ್ಕೇ. ನೀರು, ಸ್ಟೀಲು, ಕರೆಂಟು ಮೂರೂ ಒಂದೇ ಕಡೆ ಇರುವ ಸಾಮಾನಿದು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇಲ್ಲದೆ ಮುಟ್ಟಬೇಡಿ.

ವೋಲ್ಟೇಜ್ ಬಗ್ಗೆ ಇನ್ನೊಂದು ಮಾತು. ಪಕ್ಕದ ತೋಟಗಳಲ್ಲಿ ಮೋಟಾರ್ ಶುರುವಾದರೆ ನಮ್ಮಲ್ಲಿ 180ಕ್ಕೆ ಬೀಳುತ್ತದೆ. 180ರಲ್ಲಿ ಹೀಟರ್ ಕೊಡುವ ಶಕ್ತಿ 230ರಲ್ಲಿ ಕೊಡುವುದರ ಶೇ. 60ರಷ್ಟು ಮಾತ್ರ, ಹಾಗಾಗಿ ಮೆಷಿನ್ ಕಾಯುವುದೇ ಇಲ್ಲ ಅಂತ ಗಾಬರಿ ಬೀಳಬೇಡಿ, ಕಾಯುತ್ತದೆ, ನಿಧಾನ. ಕಂಟ್ರೋಲ್ ಬೋರ್ಡ್‌ಗೆ ಭಯ ಇರುವುದು ರಾತ್ರಿ ಲೋಡ್ ಇಳಿದು ವೋಲ್ಟೇಜ್ ಏರಿದಾಗ. 5 ಕೆವಿಎ ಸ್ಟೆಬಿಲೈಸರ್ ಹಾಕಿಸಿ, ಎಸಿಗೆ ಹಾಕುವಂಥದ್ದು. ಮನೆಯ ಇನ್ವರ್ಟರ್‌ಗೆ ಮಾತ್ರ ಕೊಡಬೇಡಿ, ಫ್ಯಾನು, ದೀಪ ಓಡಿಸುವ ಇನ್ವರ್ಟರ್ ಇದನ್ನು ಹೊರುವುದಿಲ್ಲ.

ಇಲ್ಲೊಂದು ಮಾತು ಹೇಳದೆ ಇರೋಕಾಗಲ್ಲ. ಮಿಲಾನಿನ ಲುಯಿಜಿ ಬೆಜ್ಜೆರಾ ಎಸ್ಪ್ರೆಸೊ ಮೆಷಿನ್‌ಗೆ ಪೇಟೆಂಟ್ ಹಾಕಿದ್ದು 1901ರಲ್ಲಿ. ಅದರ ಮರುವರ್ಷವೇ ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ಕರೆಂಟ್ ಬಂತು, ಬೆಂಗಳೂರಿಗೆ ಬರೋಕೆ ಮೂರು ವರ್ಷ ಮುಂಚೆ. ಈಗ ಬೆಳಗ್ಗೆ ಆರಕ್ಕೆ ಕರೆಂಟ್ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅಮೆರಿಕದಿಂದ ಭಾವ ಬರುವಾಗ ತರುತ್ತಾರೆ, ಕಮ್ಮಿಗೆ ಸಿಗುತ್ತದೆ ಅನ್ನುವವರಿಗೆ ಒಂದೇ ಮಾತು. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಇಲ್ಲಿ ಓಡಿಸಲು ಮೆಷಿನ್ ಹತ್ತಿರ ಹತ್ತಿರ ಅಷ್ಟೇ ತೂಕದ ಟ್ರಾನ್ಸ್‌ಫಾರ್ಮರ್ ಬೇಕು. ಬೇಡ.

ಜಾಗ

ಬೇಗ ಹೇಳಿ ಮುಗಿಸುತ್ತೇನೆ. ಟೇಪ್ ಹಿಡಿದು ಅಳೆಯಿರಿ. ಮೆಷಿನ್ ಎತ್ತರ ನೋಡಿ ಕಟ್ಟೆ ಸರಿಹೋಯಿತು ಅಂದುಕೊಳ್ಳುತ್ತೀರಿ, ಆದರೆ ನೀರಿನ ಟ್ಯಾಂಕ್ ಮೇಲಿನಿಂದ ತುಂಬುವಂಥದ್ದಾದರೆ ಅದರ ಮೇಲೆ ಜಗ್ ಬಗ್ಗಿಸುವಷ್ಟು ಜಾಗ ಬೇಕಲ್ಲ. ಮೇಲಿನ ಪ್ಲೈವುಡ್ ಕಪಾಟಿಗೆ ದಿನಾ ಆವಿ ಹೊಡೆದರೆ ಆರು ತಿಂಗಳಿಗೆ ಉಬ್ಬುತ್ತದೆ. ಅಡಿಯಲ್ಲಿ ಒಂದು ಹಲಗೆ ಇಟ್ಟರೆ ಎಳೆದು ಹಿಂದೆ ಒರೆಸಬಹುದು. ಒರೆಸಲೇಬೇಕು, ಜಿರಳೆಗೆ ಬೆಚ್ಚಗಿನ ಕತ್ತಲೆ ಜಾಗ ಅಂದರೆ ಪ್ರಾಣ, ಸರ್ಕ್ಯೂಟ್ ಬೋರ್ಡ್ ಮೇಲೆ ಸಂಸಾರ ಹೂಡಿಬಿಡುತ್ತವೆ. ಇನ್ನು, ಅಡುಗೆಮನೆ ಕಟ್ಟೆಯ ಎರಡೂವರೆ ಅಡಿ ಹೋಗುತ್ತದೆ ಅಂತ ಮನೆಯವರಿಗೆ ಈಗಲೇ ಹೇಳಿ. ಡಬ್ಬ ಬಂದ ದಿನ ಹೇಳಿದ ನನ್ನ ಕಥೆ ಬೇಡ.

ಡೀಲರ್ ಹತ್ತಿರ ಒಂದು ವಿಷಯ ಬರಹದಲ್ಲಿ ತಗೊಳ್ಳಿ: ಸರ್ವಿಸ್‌ಗೆ ಕೋಲಾರಕ್ಕೆ ಬರುತ್ತಾರಾ, ಬಂದರೆ ಎಷ್ಟು. ಬುಕ್ ಮಾಡುವಾಗ ನನಗೆ "ಆಲ್ ಇಂಡಿಯಾ ಸರ್ವಿಸ್" ಅಂದಿದ್ದರು. ಗ್ಯಾಸ್ಕೆಟ್ ಸೋರಿದಾಗ ಫೋನ್ ಮಾಡಿದರೆ ಸರ್ವಿಸ್ ಹೊಸಕೋಟೆಗೇ ಮುಗಿದುಹೋಗಿತ್ತು. ಗ್ರೂಪ್ (ಕಾಫಿ ಇಳಿಯುವ ತಲೆ) ಗ್ಯಾಸ್ಕೆಟ್ ಎರಡು, ಪುಡಿಯ ಮೇಲೆ ನೀರು ಚದುರಿಸುವ ಜಾಲರಿ, ಅಂದರೆ ಶವರ್ ಸ್ಕ್ರೀನ್, ಒಂದು ಮೆಷಿನ್ ಜೊತೆಗೇ ತರಿಸಿಕೊಳ್ಳಿ. ಇ61 ಗ್ರೂಪ್ ಇರುವ ಮೆಷಿನ್ ಆದರೆ ಇದರಲ್ಲಿ ಸುಖ ಇದೆ. ಫೈಮಾದವರು 1961ರಲ್ಲಿ ತಂದ ಡಿಸೈನ್ ಅದು, ಆ ವರ್ಷದ ಸೂರ್ಯಗ್ರಹಣದ ಹೆಸರು ಇಟ್ಟಿದ್ದಾರೆ, ಇವತ್ತಿಗೂ ಎಷ್ಟೋ ಕಂಪನಿಗಳು ಅದನ್ನೇ ಹಾಕುತ್ತವೆ, ಹಾಗಾಗಿ ಭಾಗಗಳು ಸಿಗುತ್ತವೆ, ಬದಲಾಯಿಸೋಕೆ ಸ್ಪ್ಯಾನರ್ ಹಿಡಿಯಲು ಬಂದರೆ ಸಾಕು.

ಗ್ರೈಂಡರ್ ಮೊದಲು ತರಿಸಿ

ದುಡ್ಡೆಲ್ಲ ಮೆಷಿನ್‌ಗೆ ಸುರಿದು ಗ್ರೈಂಡರ್‌ಗೆ ಚಿಲ್ಲರೆ ಇಡುವುದು ನಮ್ಮೆಲ್ಲರ ರೋಗ. ಮಿಕ್ಸಿಯ ಪುಡಿ ಇದಕ್ಕೆ ನಡೆಯಲ್ಲ, ಅರ್ಧ ತರಿ, ಅರ್ಧ ಧೂಳು. ಡಿಎಫ್64 ಥರದ 64 ಎಂಎಂ ಬರ್ (ಬೀಜ ಅರೆಯುವ ಬಿಲ್ಲೆ) ಇರುವುದು, ಇಲ್ಲವೇ ಎಸ್ಪ್ರೆಸೊಗೆ ಆಗುವಂಥ ಒಳ್ಳೆಯ ಕೈ ಗ್ರೈಂಡರ್ ತಗೊಳ್ಳಿ. ಹದ ಹೊಂದಿಸುವ ಹಿಡಿ ಒಂದು ಗೆರೆ ತಿರುಗಿಸಿದರೆ ಶಾಟ್ (ಒಂದು ಸಲ ಇಳಿಸುವ ಕಾಫಿ) ಇಳಿಯುವುದರಲ್ಲಿ ಎರಡು ಮೂರು ಸೆಕೆಂಡ್ ಮಾತ್ರ ವ್ಯತ್ಯಾಸ ಬರಬೇಕು, ಹತ್ತು ಸೆಕೆಂಡ್ ಅಲ್ಲ.

ಇದನ್ನು ಮೆಷಿನ್‌ಗಿಂತ ಎರಡು ತಿಂಗಳು ಮೊದಲೇ ತರಿಸಿ ಮನೆಯ ಫಿಲ್ಟರ್ ಕಾಫಿಗೆ ಬಳಸಿ. ಕೈಗೆ ಹದ ಗೊತ್ತಾಗುತ್ತದೆ. ಪುಡಿಯನ್ನು ಎರಡು ಬೆರಳ ಮಧ್ಯೆ ಉಜ್ಜಿ ನೋಡಿ. ಫಿಲ್ಟರ್‌ಗೆ ಚಿರೋಟಿ ರವೆಗಿಂತ ಸ್ವಲ್ಪ ನುಣ್ಣಗೆ ಸಾಕು. ಎಸ್ಪ್ರೆಸೊಗೆ ಮಿಲ್ಲಿಂದ ಆಗ ತಂದ ರಾಗಿ ಹಿಟ್ಟಿನ ಹತ್ತಿರ ಬರಬೇಕು, ಆದರೆ ಹಿಟ್ಟಾಗಬಾರದು. ಉಜ್ಜಿದಾಗ ಬೆರಳ ಗೆರೆಗಳಲ್ಲಿ ಅಂಟಿಕೊಳ್ಳುತ್ತದೆ, ಆದರೂ ಒಂದು ಚೂರು ತರಿ ತಾಗುತ್ತದೆ.

ಬೀಜ ಈಗಲೇ ತಂದು ಗುಡ್ಡೆ ಹಾಕಬೇಡಿ. ಹುರಿದ ತಾರೀಕು ಬರೆದಿರುವುದನ್ನೇ ಕೊಳ್ಳಿ, ಹುರಿದು ಏಳರಿಂದ ಹದಿನಾಲ್ಕು ದಿನ ಆದ ಮೇಲೆ ಎಸ್ಪ್ರೆಸೊಗೆ ಚೆನ್ನ, ತೀರಾ ಹೊಸದಾದರೆ ಒಳಗಿನ ಗ್ಯಾಸ್‌ಗೆ ಶಾಟ್ ಬರೀ ನೊರೆಯಾಗಿ ಬರುತ್ತದೆ. ಬೆಂಗಳೂರಲ್ಲಿ ಹುರಿಯುವವರು ಬೇಕಾದಷ್ಟಿದ್ದಾರೆ, ಎಪ್ಪತ್ತು ಕಿಲೋಮೀಟರ್, ಕಳಿಸಿದರೆ ಮರುದಿನ ಬರುತ್ತದೆ. ಮೊದಲ ಒಂದು ಕೆಜಿ ಕಲಿಯೋಕೆ ಅಂತಲೇ ಇಟ್ಟುಕೊಳ್ಳಿ, ಮೀಡಿಯಂ ಡಾರ್ಕ್, ಎಲ್ಲ ಒಂದೇ ಬೀಜ. 18 ಗ್ರಾಂ ಲೆಕ್ಕದಲ್ಲಿ ಐವತ್ತೈದು ಶಾಟ್ ಆಯಿತು. ಚಿಕ್ಕಮಗಳೂರಿನ ಎಸ್.795 ಅಥವಾ ಚಂದ್ರಗಿರಿ ಅರೇಬಿಕಾಕ್ಕೆ ಸ್ವಲ್ಪ ಒಳ್ಳೆಯ ರೊಬಸ್ಟಾ ಸೇರಿಸಿದ ಬ್ಲೆಂಡ್ ಹೊಸಬರಿಗೆ ಸಲೀಸು, ಕ್ರೆಮಾ (ಮೇಲಿನ ಕಂದು ನೊರೆ) ದಪ್ಪ ಬರುತ್ತದೆ, ಹಾಲಿಗೂ ಎದುರು ನಿಲ್ಲುತ್ತದೆ. ರೊಬಸ್ಟಾ ಅಂದರೆ ಮೂಗು ಮುರಿಯಬೇಡಿ, ಇಟಲಿಯ ಬ್ಲೆಂಡ್‌ಗಳಿಗೆ ನಮ್ಮ ರೊಬಸ್ಟಾ ಹೋಗುತ್ತದೆ. ಚಿಕೋರಿ ಬೆರೆಸಿದ ಪುಡಿ ಮಾತ್ರ ಮೆಷಿನ್‌ಗೆ ತೋರಿಸಲೂಬೇಡಿ, ಅಂಟು ಅಂಟಾಗಿ ಸ್ಕ್ರೀನ್ ಮುಚ್ಚಿಹೋಗುತ್ತದೆ. ಅದು ಫಿಲ್ಟರ್‌ನಲ್ಲೇ ಚೆನ್ನ.

ಹಾಲು ನಂದಿನಿ ನೀಲಿ ಪ್ಯಾಕೆಟ್ ಸಾಕು, 3% ಕೊಬ್ಬು, ಫ್ರಿಜ್‌ನಿಂದ ತಣ್ಣಗೆ ತೆಗೆದು ಸ್ಟೀಮ್ ಮಾಡಿ, ಜಗ್ ಕೈಗೆ ಸುಡುವಷ್ಟಾದ ಕೂಡಲೇ ನಿಲ್ಲಿಸಿ, ಅದು 60 ಡಿಗ್ರಿ ದಾಟಿರುತ್ತದೆ. ಮನೆ ಹಸುವಿನ ಹಾಲಾದರೆ ಮೊದಲು ಕಾಯಿಸಿ, ಆರಿಸಿ, ಕೆನೆ ತೆಗೆದು, ತಣ್ಣಗಾದ ಮೇಲೆ. ಹಸಿ ಹಾಲನ್ನು ನೇರ ಸ್ಟೀಮ್ ಮಾಡಿ ಕುಡಿಯಬೇಡಿ.

ಬಂದ ದಿನ

ಡಬ್ಬ ಒಡೆಯುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿ. ಇಬ್ಬರು ಎತ್ತಿ. ಡಬ್ಬ, ಥರ್ಮೊಕೋಲ್ ಅಟ್ಟಕ್ಕೆ ಹಾಕಿ, ಬಿಸಾಡಬೇಡಿ, ವಾರಂಟಿಗೆ ಕಳಿಸಬೇಕಾದರೆ ಅದೇ ಬೇಕು. ತಯಾರಿಸಿದ ನೀರು ತುಂಬಿ ಆನ್ ಮಾಡಿ, ಬಾಯ್ಲರ್ ತುಂಬುವಾಗ ಪಂಪು ಗರಗರ ಅನ್ನುತ್ತದೆ, ಹೆದರಬೇಡಿ. ಎರಡು ಟ್ಯಾಂಕ್ ನೀರು ಸುಮ್ನೆ ಹರಿಸಿ ಚೆಲ್ಲಿ. ಇ61 ಆದರೆ ಅರ್ಧ ಗಂಟೆಯಾದರೂ ಕಾಯಬೇಕು, ಆ ಹಿತ್ತಾಳೆ ಗುಂಡು ಕಿಲೋಗಟ್ಟಲೆ ತೂಗುತ್ತದೆ, ಗೇಜ್ ರೆಡಿ ಅಂದರೂ ಅದು ಒಳಗಿನವರೆಗೆ ಬಿಸಿಯಾಗಿರುವುದಿಲ್ಲ.

ತಾಪ 93ಕ್ಕೆ ಇಡಿ. 18 ಗ್ರಾಂ ಪುಡಿಯನ್ನು ಬಾಸ್ಕೆಟ್‌ಗೆ (ಪುಡಿ ತುಂಬುವ ತೂತಿನ ಬಟ್ಟಲು) ಹಾಕಿ, ಸೂಜಿಯಿಂದ ಕೆದಕಿ ಗಂಟು ಬಿಡಿಸಿ, ಟ್ಯಾಂಪರ್ ಸಮವಾಗಿ ಒತ್ತಿ. ಎಷ್ಟು ಜೋರು ಅನ್ನುವುದಕ್ಕಿಂತ ಓರೆಯಾಗದಿರುವುದು ಮುಖ್ಯ. ಕಪ್ ಅಡಿ ತಕ್ಕಡಿ ಇಟ್ಟು 36 ಗ್ರಾಂ ಆದಾಗ ನಿಲ್ಲಿಸಿ. ಬಟನ್ ಒತ್ತಿದಲ್ಲಿಂದ 25ರಿಂದ 30 ಸೆಕೆಂಡ್ ಬೇಕು. ಹದಿನೈದಕ್ಕೇ ಸುರಿದರೆ ನುಣ್ಣಗೆ ಮಾಡಿ, ನಲವತ್ತಾದರೂ ತೊಟ್ಟಿಕ್ಕುತ್ತಿದ್ದರೆ ತರಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಲೂರಿನವನು ಬೇರೆಯವರ ಮನೆಯಲ್ಲಿ ಗ್ರೈಂಡ್, ತಾಪ, ತೂಕ ಮೂರನ್ನೂ ಒಟ್ಟಿಗೆ ಬದಲಾಯಿಸಿ ಮಧ್ಯಾಹ್ನದವರೆಗೆ ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ನಾಲಿಗೆಯ ಹಿಂಬದಿ ಹಿಡಿದುಕೊಳ್ಳುವ ಕಹಿ ಬಂದರೆ ಪುಡಿಯಿಂದ ಸಾರ ಜಾಸ್ತಿ ಇಳಿದಿದೆ, ಹಸಿ ಮಾವಿನಕಾಯಿ ಕಚ್ಚಿದಂತೆ ಹುಳಿ ಬಂದರೆ ಕಮ್ಮಿ ಇಳಿದಿದೆ. ಮೊದಲ ದಿನ ಆರು ಶಾಟ್ ಚೆಲ್ಲುತ್ತೀರಿ, ಚೆಲ್ಲಿ. ಎಲ್ಲವನ್ನೂ ಕುಡಿದರೆ ರಾತ್ರಿ ಪೂರ್ತಿ ಫ್ಯಾನ್ ನೋಡುತ್ತಾ ಮಲಗಬೇಕಾಗುತ್ತದೆ.

ಸಂಜೆ ಆಫ್ ಮಾಡುವ ಮೊದಲು ತೂತಿಲ್ಲದ ಬಾಸ್ಕೆಟ್ ಹಾಕಿ ಬರೀ ನೀರಿನಲ್ಲಿ ನಾಲ್ಕೈದು ಸಲ ಬ್ಯಾಕ್‌ಫ್ಲಷ್ ಮಾಡಿ (ನೀರನ್ನು ವಾಪಸ್ ತಳ್ಳಿ ಗ್ರೂಪ್ ತೊಳೆಯುವುದು), ಸ್ಟೀಮ್ ವಾಂಡ್‌ನ (ಆವಿ ಬರುವ ಕೊಳವೆ) ಹಾಲು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಡ್ರಿಪ್ ಟ್ರೇ ಖಾಲಿ ಮಾಡಿ. ಚರಟ ನಮ್ಮಲ್ಲಿ ಕರಿಬೇವಿನ ಗಿಡಕ್ಕೆ ಹೋಗುತ್ತದೆ, ಟ್ರೇ ನೀರು ಹಾಲು ಬೆರೆಯದಿದ್ದ ದಿನ ಅರ್ಥ್ ಗುಂಡಿಗೆ.